ವಾರಕ್ಕೊಂದು ದಿನ ಬರೋ ವಕೀಲರು: ಬೆಳೆಯೋ ಕಂಪನಿಗೆ ಕಾನೂನು ಸಹಾಯ ಎಷ್ಟು ಬೇಕು?

(ಈ ವಾರದ ವಿಡಿಯೊದ ಬರಹರೂಪ ಇದು. ಲೋಕಲ್ ಟ್ರೈನಲ್ಲಿ ನೇತಾಡ್ತಾ ವಿಡಿಯೊ ನೋಡೋಕಾಗದವರಿಗೆ, ಮನೇಲಿ ಮಗು ಮಲಗಿದೆ ಸೌಂಡ್ ಹಾಕೋ ಹಾಗಿಲ್ಲ ಅನ್ನೋರಿಗೆ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನ ತೆಗೆದಿದ್ದೇನೆ, ಸೆಕ್ಷನ್ ನಂಬರುಗಳನ್ನ ಸೇರಿಸಿದ್ದೇನೆ.)

ಕೆಲಸ ಬಿಟ್ಟು ಸ್ವಂತ ಕಂಪನಿ ಶುರುಮಾಡೋದರ ಬಗ್ಗೆ ಹಿಂದೆ ಮಾತಾಡಿದ್ದೆನಲ್ಲ, ಅದಾದ ಮೇಲೆ ನಿಮ್ಮಿಂದ ಒಂದು ಪ್ರಶ್ನೆ ಪದೇ ಪದೇ ಬಂತು. "ಸರ್, ನಾವು ಹದಿನೈದು ಜನ ಇದ್ದೀವಿ. ಈಗ್ಲೇ ಒಬ್ಬ ಲಾಯರ್ ಇಟ್ಕೋಬೇಕಾ? ಸಿಎ ಇದ್ದಾರಲ್ಲ, ಸಾಲದಾ?" ಪುಣೆಯಿಂದ ಒಬ್ಬರು, ಹೈದರಾಬಾದಿನಿಂದ ಇಬ್ಬರು, ಇಲ್ಲೇ ಐರೋಲಿಯಿಂದ ಒಬ್ಬರು ಕೇಳಿದ್ದಾರೆ. ಪುಸ್ತಕದ ಉತ್ತರಕ್ಕಿಂತ ಮೊದಲು ನಾವು ತಿಂದ ಪೆಟ್ಟು ಹೇಳ್ತೀನಿ. ಆಮೇಲೆ ಲೆಕ್ಕ.

ಒಂದು ಮಾತು ಮೊದಲೇ: ನಾನು ವಕೀಲ ಅಲ್ಲ. 2007ರಲ್ಲಿ ದಾವಣಗೆರೆಯಿಂದ ಒಂದು ಸೂಟ್‌ಕೇಸ್ ಹಿಡ್ಕೊಂಡು ಮಲಾಡಿನ ಮೈಂಡ್‌ಸ್ಪೇಸ್‌ಗೆ ಕೆಲಸಕ್ಕೆ ಬಂದ ಸಾಫ್ಟ್‌ವೇರ್ ಇಂಜಿನಿಯರ್. ನಿಮ್ಮ ಕೇಸಿಗೆ ನಿಮ್ಮ ವಕೀಲರನ್ನೇ ಕೇಳಿ. ಯಾವ ವಕೀಲರನ್ನ, ಯಾವಾಗ, ಎಷ್ಟು ಹೊತ್ತಿಗೆ ಕೇಳಬೇಕು ಅನ್ನೋದಷ್ಟೇ ಇವತ್ತಿನ ವಿಷಯ.

ಐದು ವರ್ಷ, ಎರಡು ತಿಂಗಳು

2019ರಲ್ಲಿ ನಾನು ಮತ್ತು ನನ್ನ ಪಾರ್ಟ್ನರ್ (ಅವನು ಕುಂದಾಪುರ ಕಡೆಯವನು) ಕೆಲಸ ಬಿಟ್ಟು, ಚಿಂಚೋಳಿ ಬಂದರ್ ರಸ್ತೆ ಹತ್ರ ಎರಡು ಟೇಬಲ್ ಹಿಡಿಯುವಷ್ಟು ಆಫೀಸು ಮಾಡಿದ್ವಿ. ಹೋಟೆಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್. ಕೌಂಟರ್ ಬಿಲ್, ಅಡುಗೆಮನೆಗೆ ಹೋಗೋ ಆರ್ಡರ್, ಸ್ಟಾಕ್, ಎಲ್ಲಾ ಒಂದರಲ್ಲೇ. ಮಲಾಡ್, ಕಾಂದಿವಲಿ, ಬೊರಿವಲಿ ಕಡೆಯ ಉಡುಪಿ ಹೋಟೆಲಿನವರೇ ನಮ್ಮ ಮೊದಲ ಗಿರಾಕಿಗಳು. ಕನ್ನಡದಲ್ಲಿ ಮಾತಾಡಿದ್ವಿ, ಒಂದು ಕಾಫಿ ಕುಡಿದ್ವಿ, ನಂಬಿದ್ರು.

ನಮ್ಮ ಸಾಫ್ಟ್‌ವೇರಿನ ಜೀವ ಇದ್ದದ್ದು ಒಂದೇ ಭಾಗದಲ್ಲಿ. ಇಂಟರ್ನೆಟ್ ಹೋದ್ರೂ ಬಿಲ್ ನಿಲ್ಲಬಾರದು, ನೆಟ್ ಬಂದ ಕೂಡಲೇ ಎಲ್ಲಾ ಲೆಕ್ಕ ತಾನಾಗಿ ಸರಿಹೋಗಬೇಕು. ಆ ಭಾಗ ಬರೆದದ್ದು ನಾವಲ್ಲ, ಸ್ನೇಹಿತನ ಸ್ನೇಹಿತ, ಒಬ್ಬ ಫ್ರೀಲಾನ್ಸರ್. ಮೂರು ತಿಂಗಳ ಕೆಲಸ, 1,80,000 ರೂಪಾಯಿ. ಒಪ್ಪಂದ? ಇಂಟರ್ನೆಟ್ಟಿಂದ ಇಳಿಸಿಕೊಂಡ ಒಂದು ಟೆಂಪ್ಲೇಟ್. ಹೆಸರು ಬದಲಾಯಿಸಿ, 100 ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಪ್ರಿಂಟ್ ತೆಗೆದು, 2019ರ ಜೂನ್‌ನಲ್ಲಿ ಸಹಿ ಹಾಕಿದ್ವಿ. ಅದರಲ್ಲಿ "ಇದು ವರ್ಕ್ ಫಾರ್ ಹೈರ್, ಎಲ್ಲಾ ಹಕ್ಕು ಕಂಪನಿಗೆ" ಅಂತ ಚೆನ್ನಾಗೇ ಬರೆದಿತ್ತು. ನಮಗೆ ಅಷ್ಟೇ ಸಾಕಾಗಿತ್ತು.

2024ರ ಆಗಸ್ಟ್. ಈಗ ನಾವು 22 ಜನ. ದೊಡ್ಡದೊಂದು ಕಂಪನಿ ನಮ್ಮ ಸಾಫ್ಟ್‌ವೇರನ್ನೇ ಕೊಳ್ಳೋಕೆ ಬಂತು. ಅಷ್ಟೊತ್ತಿಗೆ ದುಡ್ಡಿನ ಅಡಚಣೆಗೆ ಪಾರ್ಟ್ನರ್ ತನ್ನ ಮಲಾಡಿನ ಫ್ಲ್ಯಾಟ್ ಬ್ಯಾಂಕಿಗೆ ಅಡ ಇಟ್ಟಿದ್ದ. ಈ ವ್ಯವಹಾರ ಆದ್ರೆ ಫ್ಲ್ಯಾಟ್ ಬಿಡಿಸಿಕೊಳ್ಳಬಹುದು ಅಂತ ನಾವು ದಿನ ಎಣಿಸ್ತಿದ್ವಿ. ಅವರ ವಕೀಲರು ಪ್ರಶ್ನೆಗಳ ಪಟ್ಟಿ ಕಳಿಸಿದ್ರು. ಅದರಲ್ಲೊಂದು: ಈ ಕೋಡ್ ಯಾರ್‍ಯಾರು ಬರೆದರು, ಅವರಿಂದ ಹಕ್ಕು ನಿಮಗೆ ಬಂದ ದಾಖಲೆ ಕೊಡಿ.

ಕೊಟ್ವಿ. ಎರಡು ದಿನಕ್ಕೆ ಫೋನ್ ಬಂತು.

"ವರ್ಕ್ ಫಾರ್ ಹೈರ್" ಅನ್ನೋದು ಅಮೆರಿಕದ ಕಾನೂನಿನ ಮಾತು. ನಮ್ಮಲ್ಲಿ ನಡೆಯೋದು 1957ರ ಕಾಪಿರೈಟ್ ಕಾಯ್ದೆ. ಅದರ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಒಂದು ಸಾಹಿತ್ಯ ಕೃತಿ. ಸಂಬಳಕ್ಕಿರೋ ನೌಕರ ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಮಾಲೀಕ ಕಂಪನಿ. ಅದು ಸೆಕ್ಷನ್ 17. ಆದ್ರೆ ಫ್ರೀಲಾನ್ಸರ್ ನೌಕರ ಅಲ್ಲ. ಅವನು ಬರೆದದ್ದು ಅವನದ್ದೇ, ಅವನು ಬರಹದ ಮೂಲಕ ನಮಗೆ ವರ್ಗಾಯಿಸಬೇಕು. ವರ್ಗಾಯಿಸೋ ಪತ್ರದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ರೆ ಕಾನೂನು ಅದನ್ನ 5 ವರ್ಷ ಅಂತ ಭಾವಿಸುತ್ತೆ. ಯಾವ ದೇಶಗಳಿಗೆ ಅಂತ ಬರೆಯದಿದ್ರೆ ಭಾರತಕ್ಕೆ ಮಾತ್ರ. ಇದು ಸೆಕ್ಷನ್ 19ರ 5 ಮತ್ತು 6ನೇ ಉಪಸೆಕ್ಷನ್. ನಮ್ಮ ಟೆಂಪ್ಲೇಟಿನಲ್ಲಿ ಎರಡೂ ಇರಲಿಲ್ಲ. ಜೂನ್ 2019ರಿಂದ ಲೆಕ್ಕ ಹಾಕಿ: ಐದು ವರ್ಷ ಮುಗಿದು ಎರಡು ತಿಂಗಳಾಗಿತ್ತು.

ವಾದ ಮಾಡೋಕೆ ದಾರಿ ಇರಲಿಲ್ಲ ಅಂತಲ್ಲ. ಆದ್ರೆ ಕೊಳ್ಳೋಕೆ ಬಂದವರು ವಾದ ಕೊಳ್ಳೋದಿಲ್ಲ ಸ್ನೇಹಿತರೇ, ದಾಖಲೆ ಕೊಳ್ತಾರೆ.

ಆ ಹುಡುಗ ಆಗಲೇ ಕೆನಡಾದಲ್ಲಿದ್ದ. ಕೆಟ್ಟವನಲ್ಲ. "ಸರ್, ಅದು ನಿಮ್ದೇ" ಅಂತ ಫೋನಿನಲ್ಲೇ ಹೇಳಿದ. ಆದ್ರೆ ಓದದೆ ಸಹಿ ಹಾಕಬೇಡ ಅಂತ ಅವನಿಗೆ ಬಲ್ಲವರು ಹೇಳಿದ್ರು, ಹೇಳಿದ್ದು ಸರಿಯಾಗೇ ಇತ್ತು. ಹೊಸ ಪತ್ರಕ್ಕೆ 11 ವಾರ ಹಿಡೀತು, 6 ಲಕ್ಷ ಹೋಯಿತು. ಕೊಳ್ಳೋರು ಬೆಲೆ ಇಳಿಸಿದ್ರು, ಅದರಲ್ಲೂ ಒಂದು ಭಾಗವನ್ನ ಒಂದು ವರ್ಷ ತಡೆಹಿಡಿದ್ರು. ಎರಡು ತಿಂಗಳ ಸಂಬಳ ಪಾರ್ಟ್ನರ್ ಫ್ಲ್ಯಾಟಿನ ಮೇಲಿನ ಸಾಲದಿಂದಲೇ ಹೋಯಿತು. ಒಂದಿನ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದ್ರು, ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಆ ಒಪ್ಪಂದದಲ್ಲಿ ಬೇಕಿದ್ದದ್ದು ಎರಡು ಸಾಲು: ಕಾಪಿರೈಟಿನ ಪೂರ್ಣ ಅವಧಿಗೆ, ಪ್ರಪಂಚದ ಎಲ್ಲಾ ದೇಶಗಳಿಗೆ. ತಿಳಿದ ಒಬ್ಬರು ಅರ್ಧ ಗಂಟೆ ಕೂತಿದ್ರೆ ಸಾಕಿತ್ತು.

ಗುರುವಾರದ ವಕೀಲರು

ಇದೆಲ್ಲ ನಡೀತಿದ್ದಾಗ ನಮ್ಮ ಹಳೇ ಗಿರಾಕಿ ಒಬ್ಬರ ಹೋಟೆಲಿನಲ್ಲಿ ಕೂತು ಗೋಳು ಹೇಳ್ಕೊಂಡೆ. ಅವರು ನಲವತ್ತು ವರ್ಷದಿಂದ ಹೋಟೆಲ್ ನಡೆಸ್ತಿರೋರು. ಕೇಳಿ ನಕ್ಕರು. "ಅಲ್ಲ ಮಾರಾಯ್ರೆ, ನೀವು ಓದಿದವರು. ನನಗೆ ಮೂರು ಹೋಟೆಲ್ ಇದೆ, ಸಂಬಳದ ವಕೀಲರು ಇಲ್ಲ. ಆದ್ರೆ ಪ್ರತಿ ಗುರುವಾರ ಸಂಜೆ ಒಬ್ಬ ವಕೀಲರು ಬಂದು ಇಲ್ಲಿ ಕೂರ್ತಾರೆ. ಆ ವಾರ ಬಂದ ಕಾಗದ ಎಲ್ಲಾ ನೋಡ್ತಾರೆ. ಕೋರ್ಟಿನ ಕೆಲಸಕ್ಕೆ ಬೇರೆ ಜನ. ಲೈಸೆನ್ಸ್ ರಿನೀವಲ್ ಓಡಾಟಕ್ಕೆ ಇನ್ನೊಬ್ಬ. ಎಲ್ಲರಿಗೂ ಸೇರಿ ಬರೋ ತೊಂದರೆಗೆ ಅಸೋಸಿಯೇಷನ್ ಇದೆ."

ಅಸೋಸಿಯೇಷನ್ ಅಂದ್ರೆ ಮುಂಬೈ ಹೋಟೆಲಿನವರ ಸಂಘ, ಆಹಾರ್. ಒಬ್ಬೊಬ್ಬ ಹೋಟೆಲಿನವರಿಗೆ ಎತ್ತಲಾಗದ ವಿಷಯವನ್ನ ಸಂಘ ಎತ್ತಿಕೊಂಡು ಸರ್ಕಾರದ ಮುಂದೆ, ಕೋರ್ಟಿನ ಮುಂದೆ ಹೋಗುತ್ತೆ.

ಈಗ ಇದಕ್ಕೆ ನಮ್ಮ ಐಟಿ ಭಾಷೆಯಲ್ಲಿ ದೊಡ್ಡ ದೊಡ್ಡ ಹೆಸರು ಇವೆ: ಫ್ರ್ಯಾಕ್ಷನಲ್ ಜನರಲ್ ಕೌನ್ಸೆಲ್, ಲೀಗಲ್ ಔಟ್‌ಸೋರ್ಸಿಂಗ್, ಮ್ಯಾನೇಜ್ಡ್ ಸರ್ವೀಸಸ್. ಗಲ್ಲಾಪೆಟ್ಟಿಗೆ ಹಿಂದೆ ಕೂತವರು ಹೆಸರಿಲ್ಲದೆ ಅದನ್ನೇ ಮಾಡ್ತಾ ಬಂದಿದ್ದಾರೆ. ಕೆಲಸವನ್ನ ಭಾಗ ಮಾಡಿ, ಒಂದೊಂದು ಭಾಗಕ್ಕೆ ಬೇಕಾದಷ್ಟೇ ಜನ.

ಮೂರು ಕಟ್ಟು ಮಾಡಿ

ಆ ರಾತ್ರಿ ಮನೆಗೆ ಬಂದು ಹಿಂದಿನ ಒಂದು ವರ್ಷದ ಕಾನೂನಿಗೆ ಸಂಬಂಧಪಟ್ಟ ಮೇಲ್‌ಗಳನ್ನೆಲ್ಲ ತೆಗೆದು ನೋಡಿದೆ. ಮೂರು ಕಟ್ಟಾಯಿತು.

ಮೊದಲನೇ ಕಟ್ಟು, ಪದೇ ಪದೇ ಬರೋದು. ಎನ್‌ಡಿಎ, ಗಿರಾಕಿ ಒಪ್ಪಂದದ ರಿನೀವಲ್, ನೇಮಕಾತಿ ಪತ್ರ, ಆಫೀಸಿನ ಲೀವ್ ಅಂಡ್ ಲೈಸೆನ್ಸ್. ಇದರಲ್ಲಿ ಬುದ್ಧಿಗಿಂತ ಶಿಸ್ತು ಮುಖ್ಯ.

ಎರಡನೇ ಕಟ್ಟು, ನಮ್ಮ ವ್ಯವಹಾರ ಗೊತ್ತಿದ್ರೆ ಮಾತ್ರ ಉತ್ತರ ಹೇಳಬಹುದಾದ್ದು. ಈ ಗಿರಾಕಿ ಮಿತಿಯಿಲ್ಲದ ಹೊಣೆ ಕೇಳ್ತಿದ್ದಾನೆ, ಒಪ್ಪಬಹುದಾ? ಈ ಹುಡುಗಿಯ ದೂರನ್ನ ಹೇಗೆ ತಗೋಬೇಕು? ಆ ಕೋಡ್ ಯಾರದ್ದು?

ಮೂರನೇ ಕಟ್ಟು, ಅಪರೂಪಕ್ಕೆ ಬರೋದು, ಬಂದ್ರೆ ದೊಡ್ಡದು. ಕೋರ್ಟ್ ಕೇಸು, ತೆರಿಗೆ ನೋಟಿಸು, ಕಂಪನಿ ಮಾರಾಟ.

ನಾವು ಮಾಡಿದ್ದ ತಪ್ಪು ಏನಂದ್ರೆ ಮೊದಲನೇ ಕಟ್ಟನ್ನ ಟೆಂಪ್ಲೇಟಿಗೆ ಬಿಟ್ಟು, ಎರಡನೆಯದನ್ನ ನಾವೇ ಊಹೆ ಮಾಡಿ, ಮೂರನೆಯದು ತಲೆ ಮೇಲೆ ಬಿದ್ದಾಗ ಮಾತ್ರ ದೊಡ್ಡ ಫರ್ಮಿಗೆ ಓಡಿದ್ದು. ಆ ಫರ್ಮಿನವರು ಗಂಟೆ ಲೆಕ್ಕದಲ್ಲಿ ಬಿಲ್ ಮಾಡ್ತಾರೆ. ಮೊದಲ ನಾಲ್ಕು ಗಂಟೆ ನಮ್ಮ ಕಂಪನಿ ಏನು ಮಾಡುತ್ತೆ ಅಂತ ಅವರಿಗೆ ಹೇಳೋದರಲ್ಲೇ ಕಳೀತು. ಅದಕ್ಕೂ ಬಿಲ್ ಬಂತು.

ಯಾವ ಕಟ್ಟಿಗೆ ಯಾರು?

ಮೊದಲನೇ ಕಟ್ಟಿಗೆ ಔಟ್‌ಸೋರ್ಸಿಂಗ್ ಕಂಪನಿಗಳು. ಇದು ನಮ್ಮ ದೇಶಕ್ಕೆ ಹೊಸದಲ್ಲ. ನಾವು ರಾತ್ರಿ ಪಾಳಿಯಲ್ಲಿ ಅಮೆರಿಕದ ಸರ್ವರ್ ನೋಡ್ಕೊಳ್ತಿದ್ದ ಕಾಲದಲ್ಲೇ ನಮ್ಮ ಲಾ ಪದವೀಧರರು ಅಮೆರಿಕದ ಒಪ್ಪಂದಗಳನ್ನ ಓದ್ತಿದ್ರು. 2004ರಲ್ಲಿ ಶುರುವಾದ ಪಾಂಜಿಯಾ3 ಅನ್ನೋ ಕಂಪನಿ ಮುಂಬೈಯಲ್ಲೇ ಇಂಥ ದೊಡ್ಡ ಆಫೀಸು ಮಾಡಿತ್ತು. 2010ರಲ್ಲಿ ಅದನ್ನ ಥಾಮ್ಸನ್ ರಾಯ್ಟರ್ಸ್ ಕೊಂಡಿತು, 2019ರಲ್ಲಿ ಇವೈ ಕೊಂಡಿತು. ಅಂದ್ರೆ ಮೊದಲು ಸುದ್ದಿ ಮತ್ತು ಮಾಹಿತಿಯ ಕಂಪನಿ, ಆಮೇಲೆ ಲೆಕ್ಕಪತ್ರದ ಕಂಪನಿ. ಕಾನೂನು ಕೆಲಸದ ಒಂದು ದೊಡ್ಡ ಭಾಗ ವಕೀಲರ ಚೇಂಬರಿನಿಂದ ಹೊರಗೆ ಬಂದು, ಪ್ರೋಸೆಸ್ ಆಗಿಹೋಗಿದೆ ಅನ್ನೋದಕ್ಕೆ ಇದೇ ಸಾಕ್ಷಿ. ಮೊದಲು ವಿದೇಶಿ ಕಂಪನಿಗಳಿಗಷ್ಟೇ ಇದ್ದ ಈ ಸೌಲಭ್ಯ ಈಗ ನಮ್ಮಂಥ ಸಣ್ಣವರಿಗೂ ಸಿಗುತ್ತೆ: ಒಪ್ಪಂದಕ್ಕೆ ಇಷ್ಟು ಅಂತ ದರ.

ಎರಡನೇ ಕಟ್ಟಿಗೆ ಒಳಗಿನ ಮನುಷ್ಯರು ಬೇಕು. ಇದಕ್ಕೆ ಮೂರು ದಾರಿ. ಪೂರ್ಣಾವಧಿ ವಕೀಲರನ್ನ ಕೆಲಸಕ್ಕೆ ತಗೊಳ್ಳೋದು. ವಾರಕ್ಕೆ ಒಂದೆರಡು ದಿನ ಬರುವ ಅನುಭವಿಯನ್ನ ಇಟ್ಕೊಳ್ಳೋದು. ಅಥವಾ ದೊಡ್ಡ ಕೆಲಸ ಇರೋವಾಗ ಆರು ತಿಂಗಳಿಗೆ ಅಂತ ಫರ್ಮಿನಿಂದ ಒಬ್ಬ ಜೂನಿಯರನ್ನ ನಮ್ಮ ಆಫೀಸಿನಲ್ಲಿ ಕೂರಿಸಿಕೊಳ್ಳೋದು, ಇದನ್ನ ಸೆಕೆಂಡ್‌ಮೆಂಟ್ ಅಂತಾರೆ. 20-50 ಜನರ ಕಂಪನಿಗೆ ನನ್ನ ಅನುಭವದಲ್ಲಿ ಮಧ್ಯದ ದಾರಿ ಸರಿ.

ಮೂರನೇ ಕಟ್ಟಿಗೆ ಫರ್ಮು ಅಥವಾ ಕೋರ್ಟ್ ವಕೀಲರು. ಅಲ್ಲಿ ಜಿಪುಣತನ ಬೇಡ.

ಸಿಎ ಸಾಲದಾ ಅಂದವರಿಗೆ: ತೆರಿಗೆ, ಲೆಕ್ಕಕ್ಕೆ ಸಿಎ ಬೇಕೇ ಬೇಕು. ಆದ್ರೆ ಒಪ್ಪಂದದ ಒಳಗಿನ ಹೊಣೆ ನೋಡೋದು ಅವರ ಕೆಲಸ ಅಲ್ಲ. ಕಂಪನಿ ಸೆಕ್ರೆಟರಿ ಇನ್ನೊಂದು ಹುದ್ದೆ. ಪ್ರೈವೇಟ್ ಕಂಪನಿಯ ಪೇಯ್ಡ್-ಅಪ್ ಬಂಡವಾಳ 10 ಕೋಟಿ ಮುಟ್ಟಿದ್ರೆ ಪೂರ್ಣಾವಧಿ ಸೆಕ್ರೆಟರಿ ಕಡ್ಡಾಯ. ಅಲ್ಲಿಯವರೆಗೆ ಪ್ರಾಕ್ಟೀಸ್ ಮಾಡೋ ಸೆಕ್ರೆಟರಿಯ ಸೇವೆ ಸಾಕು.

ಮೊದಲೇ ತಿಳಿದಿರಬೇಕಾದ ಮೂರು ಸಂಗತಿ

ಒಂದು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ವಕೀಲಿ ಪ್ರಾಕ್ಟೀಸ್ ನಿಲ್ಲಿಸಬೇಕು. ಹಾಗಾಗಿ ನೀವು ಸಂಬಳ ಕೊಟ್ಟು ಇಟ್ಟುಕೊಂಡ ವಕೀಲರು ನಿಮ್ಮ ಪರವಾಗಿ ದಿಂಡೋಶಿ ಕೋರ್ಟಿಗೆ ಹೋಗಿ ವಕಾಲತ್ತು ಹಾಕ್ತಾರೆ ಅಂದ್ಕೋಬೇಡಿ. ವಾರಕ್ಕೊಂದು ದಿನ ಬರುವವರಿಗೆ ಸಂಬಳ ಅಲ್ಲ, ಫೀಸು. ಪೇಸ್ಲಿಪ್ ಮಾಡಬೇಡಿ. ಆ ಫೀಸಿಗೆ ಜಿಎಸ್‌ಟಿ ಸಾಮಾನ್ಯವಾಗಿ ರಿವರ್ಸ್ ಚಾರ್ಜಿನಲ್ಲಿ ನೀವೇ ಕಟ್ಟಬೇಕು, ಔಟ್‌ಸೋರ್ಸಿಂಗ್ ಕಂಪನಿ ಆದ್ರೆ ಅವರ ಬಿಲ್ಲಿನಲ್ಲೇ ಬರುತ್ತೆ. ಸಿಎಗೆ ಮೊದಲೇ ಹೇಳಿ.

ಎರಡು. ವಕೀಲರ ಹತ್ರ ಹೇಳಿದ್ದೆಲ್ಲ ಗುಟ್ಟು ಅಂತ ನಾವು ನಂಬಿರ್ತೀವಿ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಹೇಳಿತು: ಸಂಬಳದ ಇನ್-ಹೌಸ್ ವಕೀಲರು ಪ್ರಾಕ್ಟೀಸ್ ಮಾಡೋ ವಕೀಲರಲ್ಲ, ಆದ್ದರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132ರ ಪೂರ್ತಿ ರಕ್ಷಣೆ ಅವರಿಗಿಲ್ಲ. ಸೆಕ್ಷನ್ 134ರ ಸೀಮಿತ ರಕ್ಷಣೆ ಮಾತ್ರ. ಇದರ ಪಾಠ ಏನಪ್ಪಾ ಅಂದ್ರೆ, ವಿಷಯ ಗಂಭೀರ, ಮುಂದೆ ಕೋರ್ಟಿಗೆ ಹೋಗಬಹುದು ಅನ್ನಿಸಿದ ದಿನವೇ ಪ್ರಾಕ್ಟೀಸಿನಲ್ಲಿರೋ ಹೊರಗಿನ ವಕೀಲರನ್ನ ಕರೀರಿ. ಅದಕ್ಕೂ ಮೊದಲು ಒಳಗೊಳಗೆ ಉದ್ದುದ್ದ ಮೇಲ್ ಬರೀಬೇಡಿ.

ಮೂರು. ಔಟ್‌ಸೋರ್ಸಿಂಗ್ ಕಂಪನಿ ಎಲ್ಲಾ ಕಾನೂನು ಕೆಲಸ ಮಾಡಬಹುದಾ? 2018ರ ಮಾರ್ಚ್‌ನಲ್ಲಿ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಬಿಪಿಒ ಅಂತ ಹೆಸರಿದ್ದ ಮಾತ್ರಕ್ಕೆ ತಪ್ಪಲ್ಲ. ಆದ್ರೆ ಒಟ್ಟು ತಿರುಳಿನಲ್ಲಿ ಅದು ವಕೀಲಿ ವೃತ್ತಿಯೇ ಆಗಿದ್ರೆ ವಕೀಲರ ಕಾಯ್ದೆ ಅನ್ವಯಿಸುತ್ತೆ. ಆದ್ದರಿಂದ ಓದಿಸೋದು, ಹೋಲಿಸೋದು, ಪಟ್ಟಿ ಮಾಡಿಸೋದು ಅವರ ಹತ್ರ. ಸಲಹೆ ಮಾತ್ರ ವಕೀಲರ ಹತ್ರ.

ನಾವು ಮಾಡಿದ್ದು

ವಕೀಲರು ಜಾಹೀರಾತು ಕೊಡೋ ಹಾಗಿಲ್ಲ, ಅದು ನಿಯಮ 36. ಹಾಗಾಗಿ ಬಾಯಿಂದ ಬಾಯಿಗೇ ಹುಡುಕಬೇಕು. ನಮಗೆ ಸಿಕ್ಕಿದ್ದು ಆ ಹೋಟೆಲಿನವರ ಮೂಲಕವೇ. ಹದಿನಾರು ವರ್ಷದ ಅನುಭವ ಇರೋ ಒಬ್ಬ ವಕೀಲರು, ಮುಂಬೈಯಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಬುಧವಾರ ಇಡೀ ದಿನ ನಮ್ಮ ಆಫೀಸು, ಉಳಿದ ದಿನ ಫೋನಿನಲ್ಲಿ ತಿಂಗಳಿಗೆ ಆರು ಗಂಟೆ. ಫೀಸು ತಿಂಗಳಿಗೆ 45,000 ರೂಪಾಯಿ. ಅಂದ್ರೆ ಆ ಒಂದು ಪತ್ರಕ್ಕೆ ನಾವು ತೆತ್ತ 6 ಲಕ್ಷದಲ್ಲಿ ಅವರ ಒಂದು ವರ್ಷದ ಫೀಸು ಹೆಚ್ಚೂ ಕಡಿಮೆ ಆಗ್ತಿತ್ತು.

ಮೊದಲ ಬುಧವಾರ ಅವರು ಒಪ್ಪಂದ ಬರೆಯೋಕೆ ಕೂರಲಿಲ್ಲ. "ನಿಮ್ಮ ಸಾಫ್ಟ್‌ವೇರ್ ನಡೀತಿರೋ ಒಂದು ಹೋಟೆಲ್ ತೋರಿಸಿ" ಅಂದ್ರು. ಮಧ್ಯಾಹ್ನದ ಊಟದ ರಶ್ಶಿನಲ್ಲಿ ಕೌಂಟರ್ ಪಕ್ಕ ಒಂದು ಗಂಟೆ ನಿಂತರು. "ಇಲ್ಲಿ ಬಿಲ್ ನಿಂತ್ರೆ ಒಂದು ಗಂಟೆಗೆ ಎಷ್ಟು ನಷ್ಟ?" ಅಂತ ಹೋಟೆಲಿನವರನ್ನೇ ಕೇಳಿದ್ರು. ಹೊಣೆಯ ಮಿತಿ ಎಷ್ಟಿರಬೇಕು ಅನ್ನೋ ಕ್ಲಾಸು ಆ ಉತ್ತರದಿಂದ ಹುಟ್ಟಿತು. ಟೆಂಪ್ಲೇಟಿಗೆ ಈ ಪ್ರಶ್ನೆ ಕೇಳೋಕೆ ಬರಲ್ಲ.

ಆಮೇಲೆ ನಮ್ಮ ನೇಮಕಾತಿ ಪತ್ರ ತೆಗೆದ್ರು. "ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ" ಅನ್ನೋ ಸಾಲನ್ನ ಅಡ್ಡಗೀಟು ಹಾಕಿ ಹೊಡೆದ್ರು. 1872ರ ಒಪ್ಪಂದ ಕಾಯ್ದೆಯ ಸೆಕ್ಷನ್ 27ರ ಮುಂದೆ ಅದು ನಿಲ್ಲಲ್ಲ. ಹಾಗಾದ್ರೆ ಬಾಂಡ್ ಹಾಕ್ಲಾ ಅಂದೆ. ಅವರು ಹೇಳಿದ್ದು ನಮ್ಮ ಕಡೆಯದ್ದೇ ಒಂದು ಕೇಸು: 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದು. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋ ಷರತ್ತನ್ನ ಸುಪ್ರೀಂ ಕೋರ್ಟ್ 2025ರ ಮೇ 14ರಂದು ಎತ್ತಿಹಿಡಿಯಿತು. ಅಷ್ಟೊತ್ತಿಗೆ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿ ಆರು ವರ್ಷ ಆಗಿತ್ತು. "ಆದ್ರೆ ಅದು ಸರ್ಕಾರಿ ಬ್ಯಾಂಕು, ನೇಮಕಾತಿ ಖರ್ಚು ದೊಡ್ಡದು, ಅದನ್ನ ಕೋರ್ಟು ಗಮನಿಸಿದೆ. ನೀವು ನಿಜವಾಗ್ಲೂ ತರಬೇತಿಗೆ ಖರ್ಚು ಮಾಡಿದ್ರೆ ಆ ಲೆಕ್ಕ ತೋರಿಸಿ ಹಾಕಿ, ಹೆದರಿಸೋಕೆ ಹಾಕಬೇಡಿ" ಅಂದ್ರು. ನಿಮ್ಮಲ್ಲಿ ನೌಕರರಾಗಿರೋರೇ ಹೆಚ್ಚು ಅಂತ ನನಗೆ ಗೊತ್ತು. ನಿಮ್ಮ ಆಫರ್ ಲೆಟರನ್ನೂ ಇದೇ ಕಣ್ಣಲ್ಲಿ ಒಮ್ಮೆ ನೋಡಿ.

ಹಾಗೇ ಬಂದ ಇನ್ನೂ ಕೆಲವು: 10 ಜನ ಆದ ದಿನವೇ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಬೇಕಿತ್ತು, ನಮ್ಮಲ್ಲಿ 22 ಜನ ಆದ್ರೂ ಇರಲಿಲ್ಲ. ಮಾಡಿದ್ವಿ. ಉದ್ಯಮ್ ನೋಂದಣಿ ಇರೋ ಸಣ್ಣ ಕಂಪನಿಗೆ ಗಿರಾಕಿ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ತಡವಾದ್ರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳಬಹುದು. ಅದು ನಮ್ಮ ಪ್ರತಿ ಬಿಲ್ಲಿನ ಕೆಳಗೆ ಬಂತು. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರಿನಿಂದ 100 ರೂಪಾಯಿ ಸ್ಟಾಂಪಿನ ಜಾಗಕ್ಕೆ 500 ಬಂದಿದೆ, ಹಳೇ ಅಭ್ಯಾಸ ಬಿಡಿ ಅಂದ್ರು.

ಪದೇ ಪದೇ ಬರೋ ಎನ್‌ಡಿಎ, ರಿನೀವಲ್‌ಗಳನ್ನ ಈಗ ಒಂದು ಔಟ್‌ಸೋರ್ಸಿಂಗ್ ಕಂಪನಿ ಓದುತ್ತೆ. ಆದ್ರೆ ಓದೋದು ನಮ್ಮ ವಕೀಲರು ಬರೆದುಕೊಟ್ಟ ಎರಡು ಪುಟದ ಸೂಚನೆ ನೋಡ್ಕೊಂಡು: ಇದಿದ್ರೆ ಒಪ್ಪಿ, ಇದಿದ್ರೆ ತಿದ್ದಿ, ಇದಿದ್ರೆ ನನಗೆ ಕಳಿಸಿ. ಆ ಎರಡು ಪುಟ ಇಲ್ಲದೆ ಹೊರಗೆ ಕೊಟ್ರೆ, ಟೆಂಪ್ಲೇಟ್ ಇಳಿಸಿಕೊಳ್ಳೋದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಇಟ್ಕೊಳ್ಳೋ ಮೊದಲು ಕೇಳಿ

ನಮ್ಮ ಪ್ರತಿಸ್ಪರ್ಧಿ ಯಾರಾದ್ರೂ ನಿಮ್ಮ ಗಿರಾಕಿನಾ? ನೀವು ರಜೆಯಲ್ಲಿದ್ದಾಗ ಯಾರು ನೋಡ್ತಾರೆ? ನಮ್ಮ ಕಾಗದಪತ್ರ ಎಲ್ಲಿ ಇಡ್ತೀರಿ? ಯಾವ ಕೆಲಸ ನಿಮಗೆ ಬರಲ್ಲ? ಕೊನೇ ಪ್ರಶ್ನೆಗೆ "ಎಲ್ಲಾ ಬರುತ್ತೆ" ಅಂದವರನ್ನ ಬಿಟ್ಟುಬಿಡಿ. ನಮ್ಮ ವಕೀಲರು "ತೆರಿಗೆ ಕೇಸು ನಾನು ಮುಟ್ಟಲ್ಲ" ಅಂದ್ರು. ಅವತ್ತೇ ನಂಬಿಕೆ ಬಂತು.

ಮತ್ತೆ, ಕಾನೂನು ಕೆಲಸವನ್ನ ಹೊರಗೆ ಕೊಡಬಹುದು, ಹೊಣೆಯನ್ನ ಕೊಡೋಕಾಗಲ್ಲ. ಸಹಿ ನಿಮ್ಮದು. ಒಪ್ಪಂದದಲ್ಲಿ ನನಗೆ ಅರ್ಥವಾಗದ ಸಾಲು ಇದ್ರೆ ನಾನು ಈಗ ಸಹಿ ಹಾಕಲ್ಲ. ಬುಧವಾರದವರೆಗೆ ಕಾಯ್ತೀನಿ. ಯಾವ ಗಿರಾಕಿಯೂ ಇದುವರೆಗೆ ಬುಧವಾರದವರೆಗೆ ಕಾಯಲ್ಲ ಅಂದಿಲ್ಲ.

ಹದಿನೈದು ಜನರ ಕಂಪನಿ ನಡೆಸ್ತಿರೋ ಐರೋಲಿಯ ಸ್ನೇಹಿತರಿಗೆ ನನ್ನ ಉತ್ತರ: ಪೂರ್ಣಾವಧಿ ವಕೀಲರು ಈಗ್ಲೇ ಬೇಡ. ಆದ್ರೆ ಈ ಭಾನುವಾರ ಕೂತು, ನಿಮ್ಮ ಕೋಡ್ ಯಾರ್‍ಯಾರು ಬರೆದರು ಅಂತ ಪಟ್ಟಿ ಮಾಡಿ. ಅದರಲ್ಲಿ ಸಂಬಳದ ನೌಕರರಲ್ಲದವರು ಯಾರಿದ್ದಾರೆ ನೋಡಿ. ಅವರ ಪತ್ರದಲ್ಲಿ ಅವಧಿ ಮತ್ತು ದೇಶ ಬರೆದಿದೆಯಾ ನೋಡಿ. ಇಲ್ಲ ಅಂದ್ರೆ, ಅವರು ಇನ್ನೂ ನಿಮ್ಮ ಫೋನ್ ಎತ್ತುತ್ತಿರೋವಾಗಲೇ ಸರಿ ಮಾಡ್ಕೊಳ್ಳಿ.

ಪಾರ್ಟ್ನರ್ ಫ್ಲ್ಯಾಟ್ ಏನಾಯ್ತು ಅಂತ ವಿಡಿಯೊ ನೋಡಿದ ಕೆಲವರು ಕೇಳಿದ್ರು. ತಡೆಹಿಡಿದ ದುಡ್ಡು ಬಂದ ಮೇಲೆ ಬಿಡಿಸಿಕೊಂಡ್ವಿ. ಬ್ಯಾಂಕಿನಿಂದ ಮೂಲ ಪತ್ರ ತಗೊಂಡು ಸೀದಾ ಅವನ ಮನೆಗೇ ಹೋದ್ವಿ. ಅವನ ಹೆಂಡತಿ ಪತ್ರ ತೆಗೆದುಕೊಂಡು ಒಂದೊಂದೇ ಪುಟ ತಿರುಗಿಸಿ, ಪೂರ್ತಿ ಓದಿದ್ರು. ಆಮೇಲೆ ಕಾಫಿಗೆ ನೀರಿಟ್ರು.

ಮುಂದಿನ ವಾರ ಸಿಗೋಣ. ನಮಸ್ಕಾರ.